ಸಬ್‌ವೂಫರ್‌ನ ಗುಂಯ್ ಶಬ್ದಕ್ಕೆ ನಾನು ಆರಿಸಿದ ಕೇಬಲ್

ಹೋಮ್ ಥಿಯೇಟರ್ ಗುಂಯ್ ಅನ್ನುತ್ತಿದೆ ಅಂದರೆ ಅಂಗಡಿಯವರು "ಒಳ್ಳೇ ಕೇಬಲ್ ಹಾಕಿ ಸಾರ್" ಅಂತಾರೆ. ಒಳ್ಳೇದು ಅಂದರೆ ಅವರ ಲೆಕ್ಕದಲ್ಲಿ ದುಬಾರಿಯದು. ನನ್ನ 5.1 ಸಿಸ್ಟಮ್‌ಗೆ (ಐದು ಸ್ಪೀಕರ್, ಜೊತೆಗೆ ತಗ್ಗು ಸ್ವರಕ್ಕೆ ಒಂದು ಸಬ್‌ವೂಫರ್) ಕೊನೆಗೆ ಒಗ್ಗಿದ್ದು ತಾಮ್ರದ ಹೆಣಿಗೆ ದಟ್ಟವಾಗಿರುವ ಸಾದಾ ಕೋಆಕ್ಸ್ ವೈರ್, ಅಂದರೆ ನಡುವೆ ಒಂದು ತಂತಿ, ಸುತ್ತ ಲೋಹದ ಕವಚ ಇರುವಂಥದ್ದು. ಆದರೆ ಕೇಬಲ್‌ಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇತ್ತು.

ಶಬ್ದ ಎಂಥದ್ದು ಅಂತ ಮೊದಲು ಕೇಳಿಸಿಕೊಂಡೆ. ನಮ್ಮ ಕರೆಂಟು 50 ಹರ್ಟ್ಸ್. ತಂಬೂರಿ ಮೀಟಿದ ಹಾಗೆ ಒಂದೇ ಸಮ ಗುಂಯ್ ಅಂದರೆ 50 ಅಥವಾ 100 ಹರ್ಟ್ಸ್, ಹೆಚ್ಚಾಗಿ ಅರ್ಥ್ ಲೂಪ್, ಅಂದರೆ ಸಿಸ್ಟಮ್ ಎರಡು ಕಡೆ ಅರ್ಥ್ ಆಗಿ ನಡುವಿನ ವೈರುಗಳಲ್ಲಿ ಕರೆಂಟು ಸುತ್ತುವುದು. ಜರ್ರ್ ಅಂತ ಒರಟಾಗಿದ್ದರೆ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಕಡೆ ನೋಡಬೇಕು.

ನನ್ನದು ಗುಂಯ್. ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಇಳಿಸಿದರೂ ಸಬ್ ಸುಮ್ಮನಾಗಲಿಲ್ಲ. ಸಬ್‌ನಿಂದ ಆರ್‌ಸಿಎ ಪಿನ್ (ಆಂಪ್ಲಿಫೈಯರ್‌ನಿಂದ ಸಿಗ್ನಲ್ ತರುವ ವೈರಿನದು) ಕಿತ್ತರೆ ಶಬ್ದ ಮಾಯ. ಪಿನ್ ಮತ್ತೆ ಹಾಕಿ, ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಟಿವಿ ವೈರ್ ಬಿಚ್ಚಿದೆ. ಮುಕ್ಕಾಲು ಪಾಲು ಇಳಿಯಿತು. ಆ ವೈರಿನ ಹೊರಕವಚ ಹೊರಗೆಲ್ಲೋ ಅರ್ಥ್ ಆಗಿರುತ್ತದೆ, ಸಬ್‌ನ ಮೂರು ಪಿನ್ ಪ್ಲಗ್ ಮನೆಯ ಅರ್ಥ್‌ಗೆ. ಎರಡರ ನಡುವೆ ಸ್ವಲ್ಪ ವೋಲ್ಟೇಜ್ ಇದ್ದರೂ ಸಾಕು, ಎಚ್‌ಡಿಎಂಐ, ಆಂಪ್ಲಿಫೈಯರ್, ಆರ್‌ಸಿಎ ಎಲ್ಲ ದಾಟಿ ಕರೆಂಟು ಹರಿಯುತ್ತದೆ. ಟಿವಿ ವೈರಿಗೆ ಗ್ಯಾಲ್ವನಿಕ್ ಐಸೊಲೇಟರ್ ಸೇರಿಸಿದೆ. ಅದು ಟಿವಿ ಸಿಗ್ನಲ್ ಮಾತ್ರ ದಾಟಿಸಿ, ಲೂಪಿನ ಕರೆಂಟನ್ನೂ ಡಿಸಿಯನ್ನೂ ತಡೆಯುತ್ತದೆ. ಡಿಶ್ ಇರುವವರಿಗೆ ಇದು ಆಗಲ್ಲ. ಡಿಶ್ ಮುಂದಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಡಿಸಿ ಅದೇ ವೈರಿನಲ್ಲಿ ಹೋಗಬೇಕಲ್ವಾ.

ಉಳಿದ ಕಾಲು ಪಾಲಿಗೆ ಕೇಬಲ್. ಸೋಫಾ ಹಿಂದಿನ ಸಬ್‌ವರೆಗೆ ಉದ್ದದ ವೈರ್ ಬೇಕಿತ್ತು. ಆರ್‌ಸಿಎಯಲ್ಲಿ ಹೊರಕವಚವೇ ಸಿಗ್ನಲ್ ವಾಪಸ್ ಬರುವ ದಾರಿ. ಲೂಪಿನ ಕರೆಂಟೂ ಅಲ್ಲೇ ಹರಿಯುತ್ತದೆ. 5 ಮಿಲಿಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ಕವಚದ ರೆಸಿಸ್ಟೆನ್ಸ್ ಅರ್ಧ ಓಮ್ ಆದರೆ 2.5 ಮಿಲಿವೋಲ್ಟ್ ಗುಂಯ್ ಸಿಗ್ನಲ್‌ಗೆ ಸೇರುತ್ತದೆ. 0.05 ಓಮ್ ಆದರೆ ಅದರ ಹತ್ತನೇ ಒಂದು ಪಾಲು. ದುಬಾರಿ ಕೇಬಲ್‌ಗಳ ಪಿನ್ನಿನ ಚಿನ್ನದ ಲೇಪಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರ್‌ಜಿ-59 ಅನ್ನೋ ಬಗೆಯ ಕೋಆಕ್ಸ್ ಕೇಳಿದರೆ ಸಿಸಿಟಿವಿ ವೈರ್ ಸುರುಳಿ ಮುಂದಿಡುತ್ತಾರೆ. ಅದರಲ್ಲಿ ಫಾಯಿಲ್ ಮೇಲೆ ಅಲ್ಯೂಮಿನಿಯಂ ಎಳೆಗಳು ತೆಳ್ಳಗೆ ಹರಡಿರುವುದೇ ಜಾಸ್ತಿ. ತುದಿ ಸುಲಿಸಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಒಳಗೂ ಬೆಳ್ಳಗಿದ್ದರೆ ಅಲ್ಯೂಮಿನಿಯಂ, ಮಾಮೂಲಿ ಸೋಲ್ಡರ್ ಹಿಡಿಯೋದೇ ಇಲ್ಲ. ತವರ ಲೇಪಿಸಿದ ತಾಮ್ರ ಆದರೆ ಕೆರೆದ ಕಡೆ ಕೆಂಪು ಕಾಣುತ್ತದೆ. ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣದಷ್ಟು ಒತ್ತಾಗಿ ಹೆಣೆದ ತಾಮ್ರದ್ದನ್ನೇ ತಂದು, ಲೋಹದ ಆರ್‌ಸಿಎ ಪಿನ್‌ಗಳನ್ನು ನಾನೇ ಸೋಲ್ಡರ್ ಮಾಡಿದೆ.

ಬಾಣದ ಗುರುತಿರುವ ಕೇಬಲ್‌ಗಳೂ ಬರುತ್ತವೆ. ಒಳಗೆ ಎರಡು ತಂತಿ, ಕವಚ ಒಂದು ತುದಿಗೆ ಮಾತ್ರ. ಲೂಪಿನ ಗುಂಯ್‌ಗೆ ಇದು ಕೆಟ್ಟ ಆಯ್ಕೆ. ಕರೆಂಟು ಆಗ ಒಳಗಿನ ಸಣ್ಣ ತಂತಿಯಲ್ಲೇ ಹರಿಯಬೇಕು, ರೆಸಿಸ್ಟೆನ್ಸ್ ಇನ್ನೂ ಜಾಸ್ತಿ. ಸಬ್‌ನಲ್ಲಿ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಇನ್‌ಪುಟ್ (ಮೂರು ಪಿನ್‌ನದು, ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನೇ ಸಿಗ್ನಲ್ ಅಂತ ತೆಗೆದುಕೊಳ್ಳುವುದು) ಇದ್ದರೆ ಮಾತು ಬೇರೆ. ಅಲ್ಲಿ ಎರಡು ತಂತಿಯ ಶೀಲ್ಡ್ ವೈರೇ ಸರಿ: ಆರ್‌ಸಿಎ ನಡುವಿನದು 2ನೇ ಪಿನ್‌ಗೆ, ಹೊರಗಿನದು 3ಕ್ಕೆ, ಕವಚ 1ಕ್ಕೆ. ನನ್ನ ಸಬ್‌ನಲ್ಲಿ ಆ ಭಾಗ್ಯ ಇಲ್ಲ.

ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿಯುತ್ತಾರೆ. ಗುಂಯ್ ನಿಲ್ಲುತ್ತದೆ, ನಿಜ. ಒಳಗೆ ಲೈನ್ ತಂತಿ ಬಿಟ್ಟು ಹೋಗಿ ಬಾಡಿಗೆ ತಗುಲಿದ ದಿನ ಮುಟ್ಟಿದವರ ಗತಿ ಏನು? ನಾನು ಸಬ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ತಂದೆ, ಅದೂ ಸ್ವಲ್ಪ ನೆರವಾಯಿತು. ಈಗ ಸಬ್‌ಗೆ ಕಿವಿ ಹಚ್ಚಿದರೆ ಮಾತ್ರ ಏನೋ ಕೇಳುತ್ತದೆ. ಕರೆಂಟು ಹೋಗಿ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಜರ್ರ್ ಬಂದೇ ಬರುತ್ತದೆ. ಅದಕ್ಕೆ ಯಾವ ಕೇಬಲ್ಲೂ ಸಾಲದು, ಸೈನ್ ವೇವ್ ಇನ್ವರ್ಟರೇ ಬೇಕು.