ರಿಟೈರ್ ಆದಮೇಲೆ ಮತ್ತೆ ಲೇತ್ ಮುಂದೆ

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ 31 ವರ್ಷ ಲೇತ್ ಮಷೀನ್‌ನಲ್ಲಿ ಲೋಹ ಕಡೆಯುವ ಟರ್ನರ್ ಆಗಿದ್ದೆ. 58 ತುಂಬಿದ ತಿಂಗಳು ಹಾರ ಹಾಕಿ ಕಳಿಸಿದರು. ಮೊದಲ ಎರಡು ತಿಂಗಳು ನೆಂಟರ ಮನೆ, ಧರ್ಮಸ್ಥಳ, ಮನೆಗೆ ಸುಣ್ಣಬಣ್ಣ ಅಂತ ಕಳೆಯಿತು. ಆಮೇಲೆ ಬೆಳಿಗ್ಗೆ ಆರಕ್ಕೇ ಎದ್ದು ಸ್ನಾನ ಮುಗಿಸಿ, ಇವತ್ತೂ ಎಲ್ಲಿಗೂ ಹೋಗೋದಿಲ್ಲ ಅಂತ ನೆನಪಾಗಿ ಕುರ್ಚಿಯಲ್ಲಿ ಕೂರೋದು ಇದೆಯಲ್ಲ, ಅದು ನನ್ನ ಕೈಲಿ ಆಗಲಿಲ್ಲ.

ಹಣದ ಮಾತೂ ಇತ್ತು. ಕೈಗೆ ಎಷ್ಟೇ ಸಂಬಳ ಬಂದಿದ್ದರೂ ಪಿಎಫ್ ಪಿಂಚಣಿಯನ್ನು ನನ್ನಂಥವರಿಗೆ ಲೆಕ್ಕ ಹಾಕೋದು 15,000 ರೂಪಾಯಿ ಮಿತಿಯ ಮೇಲೆ, ಅದೂ 2014ರ ಸೆಪ್ಟೆಂಬರ್‌ನಿಂದ ಈಚೆಗೆ, ಅದಕ್ಕೂ ಮುಂಚಿನ ಸರ್ವೀಸಿಗೆ ಬರೀ 6,500. ನನಗೆ ಬರೋದು ನಾಲ್ಕು ಸಾವಿರ ಚಿಲ್ಲರೆ.

ಮೊದಲು ಕರೆದ ಕಂಪನಿಯವರು, "ಸುಮ್ನೆ ಬನ್ನಿ ಸಾರ್, ಹುಡುಗರನ್ನ ನೋಡ್ಕೊಂಡ್ರೆ ಸಾಕು" ಅಂದರು. ನಾನೂ ಏನೂ ಕೇಳದೆ ಒಪ್ಪಿಕೊಂಡೆ. ಎರಡನೇ ತಿಂಗಳಿಗೆ ಸೆಕೆಂಡ್ ಶಿಫ್ಟ್ ಬಂತು. ಮೂರನೇ ತಿಂಗಳಿಗೆ 20 ಕೆಜಿ ಜಾಬ್, ಅಂದರೆ ಕಡೆಯಬೇಕಾದ ಲೋಹದ ತುಂಡು, ನಾನೇ ಎತ್ತಿ ಅದನ್ನು ಹಿಡಿದು ತಿರುಗಿಸುವ ಚಕ್‌ಗೆ ಕಟ್ಟಬೇಕು. ಮಂಡಿ ಊದಿತು, ಬಿಟ್ಟೆ.

ಅಲ್ಲೇ ಇನ್ನೊಂದು ತಪ್ಪೂ ಆಯಿತು, ಇದನ್ನು ದಯವಿಟ್ಟು ಗಮನಿಸಿ. 58 ದಾಟಿ ಪಿಂಚಣಿ ತಗೊಳ್ಳುತ್ತಿರುವವರಿಗೆ ಕಂಪನಿ ಕಟ್ಟುವ ಪಾಲು ಪೂರ್ತಿ ಪಿಎಫ್‌ಗೇ ಹೋಗಬೇಕು. ಅವರು ರೂಢಿಯಂತೆ ಅದರಲ್ಲಿ 15,000 ಮಿತಿಯ 8.33 ಪರ್ಸೆಂಟ್, ಅಂದರೆ ತಿಂಗಳಿಗೆ 1,250 ರೂಪಾಯಿ, ಪಿಂಚಣಿ ಖಾತೆಗೆ ಹಾಕಿದ್ದರು. ನಾನು ಪಾಸ್‌ಬುಕ್ ತೆಗೆದು ನೋಡಿದ್ದರಿಂದ ಗೊತ್ತಾಯಿತು. ಸರಿಮಾಡಿಸಲು ಅಲೆದಾಡಿದ್ದು ಸಾಕುಸಾಕಾಯಿತು. ಸೇರುವ ದಿನವೇ ಪಿಂಚಣಿ ಪತ್ರದ ಜೆರಾಕ್ಸ್ ಅಕೌಂಟ್ಸ್‌ನವರ ಕೈಗೆ ಕೊಡಿ.

ಈಗ ಇರೋದು ಒಂದು ಸಣ್ಣ ವರ್ಕ್‌ಶಾಪ್. ಹಿಂದೆ ನನ್ನ ಹತ್ತಿರ ಕೆಲಸ ಕಲಿತ ಹುಡುಗನದೇ. ಈ ಸಲ ಮೊದಲೇ ಕೂತು ಮಾತಾಡಿದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರು, ಶಿಫ್ಟ್ ಇಲ್ಲ, ಭಾರ ಎತ್ತೋದಿಲ್ಲ, ಮಾರ್ಚ್‌ವರೆಗೆ ಮಾತ್ರ ಕರಾರು. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ನಮ್ಮವನ ಹತ್ತಿರ ಕಾಗದ ಕೇಳೋದಾ ಅಂತ ಮನೆಯವಳು ಸಂಕೋಚಪಟ್ಟಳು. ನಮ್ಮವನು ಅಂತಲೇ ಕೇಳಿದೆ, ನಾಳೆ ಮನಸ್ತಾಪ ಬೇಡ ಅಲ್ವಾ.

ಕಣ್ಣಿನದು ಬೇರೆ ಕಥೆ. ಜಾಬ್‌ನ ದಪ್ಪ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್‌ನ ಗೆರೆಗಳು ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತಿದ್ದವು. ಓದುವ ಕನ್ನಡಕದಲ್ಲಿ ಜಾಬ್ ಹತ್ತಿರ ಬಗ್ಗಬೇಕು, ತಿರುಗುವ ಮಷೀನ್ ಮುಂದೆ ಅದು ಅಪಾಯ. ನನ್ನ ಮೂಗಿನಿಂದ ಚಕ್‌ವರೆಗೆ ಟೇಪ್ ಹಿಡಿದು ಅಳೆದೆ, 55 ಸೆಂ.ಮೀ. ಬಂತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಆ ದೂರಕ್ಕೇ ಒಂದು ಕನ್ನಡಕ ಮಾಡಿಸಿದೆ. ಇಷ್ಟು ದಿನ ಯಾಕೆ ಮಾಡಿಸಲಿಲ್ಲ ಅನ್ನಿಸಿತು.

ಹುಡುಗರು ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮಷೀನ್‌ನಲ್ಲಿ, ನನಗಿಂತ ಚುರುಕು, ಪ್ರೋಗ್ರಾಂ ವಿಷಯ ನಾನೇ ಅವರನ್ನು ಕೇಳುತ್ತೇನೆ. ಆದರೆ 50 ಎಂಎಂ ಶಾಫ್ಟ್ ಒಂದೇ ಸಮ ರಿಜೆಕ್ಟ್ ಆಗುತ್ತಿತ್ತು. ಹೋಗಿ ನಿಂತು ನೋಡಿದೆ. ಹುಡುಗ ಜಾಬ್ ಬಿಸಿ ಇರುವಾಗಲೇ ಅಳೆದು ಮಷೀನ್‌ಗೆ ಆಫ್‌ಸೆಟ್, ಅಂದರೆ ಅಳತೆಯ ತಿದ್ದುಪಡಿ, ಕೊಡುತ್ತಿದ್ದ. "ಸೈಜ್ ಕರೆಕ್ಟಾಗಿದೆ ಸಾರ್" ಅಂದ. ಅದೇ ಪೀಸನ್ನು ಪಕ್ಕಕ್ಕಿಟ್ಟು ಟೀ ಕುಡಿಯಲು ಕರೆದುಕೊಂಡು ಹೋದೆ. ಬಂದು ಅಳೆದರೆ 20 ಮೈಕ್ರಾನ್ ಕಮ್ಮಿ (ಒಂದು ಎಂಎಂಗೆ ಸಾವಿರ ಮೈಕ್ರಾನ್). ಅಷ್ಟು ದಪ್ಪದ ಉಕ್ಕು ನಲವತ್ತು ಡಿಗ್ರಿ ತಣ್ಣಗಾದರೆ ಅಷ್ಟು ಕುಗ್ಗುತ್ತದೆ. ಅವನು ಮೈಕ್ರೋಮೀಟರನ್ನು ಎರಡು ಸಲ ಒರೆಸಿ ಮತ್ತೆ ಮತ್ತೆ ಅಳೆದ.

ಈಗ ಅಳೆಯುವ ಮುಂಚೆ ಮಷೀನ್ ನಿಲ್ಲಿಸಿ ಜಾಬ್ ಮೇಲೆ ಅಂಗೈ ಇಟ್ಟು ನೋಡುತ್ತಾನೆ. ಹೊಸ ಐಟಿಐ ಹುಡುಗನಿಗೂ ಅವನೇ ಹೇಳಿಕೊಡುತ್ತಿದ್ದಾನೆ. ಮಾರ್ಚ್ ಬರಲಿ, ಮಂಡಿ ಹೇಗಿದೆ ನೋಡಿಕೊಂಡು ಇನ್ನೊಂದು ಹಾಳೆ ಬರೆಯುತ್ತೇವೆ.