ಕುಕ್ಕರಿನೊಳಗೆ 8,000 ಅಡಿ ಎತ್ತರ: ನನ್ನ ಅನುಭವ

ವಿಮಾನದ ಕ್ಯಾಬಿನ್ ಒತ್ತಡ ತೋರಿಸುವ ಪೆಟ್ಟಿಗೆಯನ್ನು ಶಿವಮೊಗ್ಗದ ಗುಜರಿ ಸಾಮಾನಿನಲ್ಲಿ ಮಾಡಬಹುದು ಎಂದಾಗ ನಂಬಿದವರು ಕಡಿಮೆ. ಈಗ ಅದು ಗಾಳಿಯ ಒತ್ತಡದ ಅಳತೆಯಲ್ಲಿ 595 ಹೆಕ್ಟೊಪಾಸ್ಕಲ್‌ಗೆ, ಅಂದರೆ ಆಮ್ಲಜನಕದ ಮಾಸ್ಕ್ ಬೀಳುವ 14,000 ಅಡಿಯ ಮಟ್ಟಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ.

10 ಲೀಟರ್ ಕುಕ್ಕರ್, ಗಾಳಿ ಎಳೆಯುವ ಪಂಪಾಗಿ ಹಳೇ ಫ್ರಿಜ್ ಕಂಪ್ರೆಸರ್ (900 ರೂ. ಆಸುಪಾಸು), ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್, ಅದನ್ನು ಓದುವ ಪುಟ್ಟ ಆರ್ಡುಯಿನೊ ನ್ಯಾನೊ ಬೋರ್ಡ್. ಕುಕ್ಕರಿನ ಸ್ವಂತ ಮುಚ್ಚಳ ಬೇಡ. ಒಳಗಿನ ಒತ್ತಡಕ್ಕೆ ಬಿಗಿಯಾಗುವ ಅದರ ಗ್ಯಾಸ್ಕೆಟ್, ಗಾಳಿ ಎಳೆದರೆ ಒಳಕ್ಕೆ ಜಗ್ಗಿ ಸೋರುತ್ತದೆ. ಬಾಯಿಯ ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ಸಮ ಮಾಡಿ, ಲಾರಿ ಟ್ಯೂಬಿನ ರಬ್ಬರ್ ಇಟ್ಟು, ಮೇಲೆ ಅಕ್ರಿಲಿಕ್ ಹಲಗೆ ಕೂರಿಸಿದೆ. ಮೊದಲ 8 ಮಿ.ಮೀ. ಹಲಗೆ ತೂತಿನ ಬಳಿ ಬಿರುಕು ಬಿಟ್ಟು 700 ರೂ. ಹೋಯಿತು. 24 ಸೆಂ.ಮೀ. ಬಾಯಿಯ ಮೇಲೆ 160 ಕಿಲೋ ಭಾರ ಬೀಳುತ್ತದೆ, 12 ಮಿ.ಮೀ. ಬೇಕೇ ಬೇಕು. ಗಾಜು ಖಂಡಿತ ಬೇಡ.

ವಾರಗಟ್ಟಲೆ ಕಾಡಿದ ಸೋರಿಕೆ ಇದ್ದದ್ದು ವೈರಿನಲ್ಲಿ. ಎಂ-ಸೀಲ್ ಹೊರಗೆ ಗಟ್ಟಿಯಾಗಿದ್ದರೂ ಎಳೆಎಳೆ ತಂತಿಯ ನಡುವಿನಿಂದ ಗಾಳಿ ನುಗ್ಗುತ್ತಿತ್ತು. ಮೋಟಾರ್ ಸುತ್ತುವ ಒಂಟಿ ತಂತಿ ಹಾಕಿದ ಮೇಲೆ ನಿಂತಿತು. ಸೀಲಿಗೆ ಏನು ಬೆರೆಸಿದೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ವಿಮಾನದಲ್ಲಿ ಗಾಳಿ ತುಂಬುತ್ತಲೇ ಇರುತ್ತದೆ, ಔಟ್‌ಫ್ಲೋ ವಾಲ್ವ್ ಬೇಕಾದಷ್ಟು ಹೊರಬಿಡುತ್ತದೆ. ಇಲ್ಲಿ ಅದರ ತಿರುವುಮುರುವು: ಪಂಪು ಎಳೆಯುತ್ತಲೇ ಇರಲಿ, ಸೂಜಿ ವಾಲ್ವಿನಿಂದ ಗಾಳಿ ಒಳಬಿಡಿ. ಹತ್ತು ನಿಮಿಷ ದಾಟಿಸಬೇಡಿ, ಕಂಪ್ರೆಸರ್ ಬಿಸಿಯಾಗುತ್ತದೆ. ಎಣ್ಣೆ ಉಗುಳುವುದರಿಂದ ಹೊರಪೈಪಿಗೆ ಬಾಟಲಿ ಕಟ್ಟಿ.

ದೊಡ್ಡ ತಪ್ಪಾದದ್ದು ವ್ಯಾಕ್ಯೂಮ್ ಗೇಜ್ ನಂಬಿ. ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಎಂದಷ್ಟೇ ಅದು ತೋರಿಸುತ್ತದೆ. ಹಾರುವ ವಿಮಾನದ ಕ್ಯಾಬಿನ್ನಿಗೆ ಸಾಮಾನ್ಯ ಮಿತಿಯಾದ 8,000 ಅಡಿ ಎಂದರೆ 753 ಹೆಕ್ಟೊಪಾಸ್ಕಲ್. ಉಡುಪಿಯಲ್ಲಿ ಅದಕ್ಕೆ ಗೇಜ್ 195 ಮಿ.ಮೀ. ಪಾದರಸ ತೋರಿಸಬೇಕು, ಶಿವಮೊಗ್ಗದಲ್ಲಿ ನೆಲದ ಒತ್ತಡವೇ 946ರ ಆಸುಪಾಸು, ಹಾಗಾಗಿ 145 ಸಾಕು. ಕೊಡಚಾದ್ರಿ ತುದಿಗೆ ಒಯ್ದರೆ ಇನ್ನೂ ಕಡಿಮೆ. ಎಚ್ಚರಿಕೆ ಗಂಟೆಯನ್ನು ಸೆನ್ಸರಿನ ನೇರ ಒತ್ತಡಕ್ಕೇ ಕಟ್ಟಿ: 10,000 ಅಡಿಗೆ 697.

ಗಂಟೆಗೆ ಬೇರೆ ಯಾವುದಕ್ಕೂ ಬಳಸದ ದನಿಯನ್ನೇ ಇಡಿ. 2005ರ ಆಗಸ್ಟ್ 14ರಂದು ಸೈಪ್ರಸ್ ದೇಶದ ಹೀಲಿಯೋಸ್ ಕಂಪನಿಯ ವಿಮಾನ 522ರಲ್ಲಿ ಒತ್ತಡದ ಸ್ವಿಚ್ ಮ್ಯಾನುಯಲ್‌ನಲ್ಲೇ ಉಳಿದಿತ್ತು, ಹಾಗಾಗಿ ಕ್ಯಾಬಿನ್ನಿನಲ್ಲಿ ಒತ್ತಡ ತುಂಬಲಿಲ್ಲ. ಗಂಟೆ ಹೊಡೆದರೂ, ಟೇಕ್‌ಆಫ್ ಸಿದ್ಧತೆಯ ಎಚ್ಚರಿಕೆಗೂ ಅದೇ ದನಿಯಾದ್ದರಿಂದ ಪೈಲಟ್‌ಗಳು ತಪ್ಪು ತಿಳಿದರು. 121 ಜೀವ ಹೋಯಿತು.

ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನೂ ಕುಕ್ಕರಿನೊಳಗೆ ಮಲಗಿಸಿ ನೋಡಿದೆ. ಅರ್ಧ ತುಂಬಿದ್ದು 753ಕ್ಕೇ ರಸ ಕಕ್ಕಿತು, ಕಂಠಪೂರ್ತಿ ತುಂಬಿದ್ದು ಒಂದೆರಡು ಹನಿ ಮಾತ್ರ.