ಎಲೆಚುಕ್ಕೆ ಬಂದ ಸೋಗೆ ಸುಡುವುದು: ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮೇಲ್ಗಡೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಎಲೆಚುಕ್ಕೆ ರೋಗ ಬಂದ ಮೇಲೆ ನಮಗೆ ಬೆಂಕಿ ಹಾಕುವ ಕೆಲಸ ಜಾಸ್ತಿಯಾಯಿತು. ರೋಗ ಜೋರಾಗಿರುವ ಸೋಗೆ, ಅಂದರೆ ಅಡಿಕೆ ಮರದ ಗರಿ, ಕತ್ತರಿಸಿ, ತೋಟದ ಹೊರಗೆ ಒಯ್ದು ಸುಡಿ ಅನ್ನುತ್ತಾರೆ ತೋಟಗಾರಿಕೆಯವರು. ಬುಡದಲ್ಲೇ ಬಿಟ್ಟರೆ ಅದರಲ್ಲಿರುವ ಶಿಲೀಂಧ್ರ ಗಾಳಿ ಮಳೆಯ ಜೊತೆ ಮತ್ತೆ ಮರ ಹತ್ತುತ್ತದೆ. ಹಾಗಾಗಿ ಸುಡಲೇಬೇಕು. ಹೇಗೆ ಸುಡಬೇಕು ಅನ್ನುವುದನ್ನು ಮಾತ್ರ ನಾನು ಕಲಿತದ್ದು ದೊಡ್ಡದೊಂದು ತಪ್ಪು ಮಾಡಿದ ಮೇಲೆ.

ಆ ವರ್ಷ ಕೆಲಸಕ್ಕೆ ಜನ ಸಿಗದೆ ಸೋಗೆ ರಾಶಿ ಮಾರ್ಚ್‌ವರೆಗೂ ಉಳಿಯಿತು. ಸುಲಿದ ಅಡಿಕೆ ಸಿಪ್ಪೆಯನ್ನೂ ಅದರ ಮೇಲೇ ಸುರಿದಿದ್ದೆ. ಬೆಳಿಗ್ಗೆ 11 ಗಂಟೆಗೆ ಬೆಂಕಿ ಹಾಕಿದೆ. ಸಂಜೆಗೆ ಬೂದಿಯಾಯಿತು. ನಾಲ್ಕು ಕೊಡ ನೀರು ಹೊಯ್ದು ಮನೆಗೆ ಬಂದೆ. ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಪಕ್ಕದ ಮನೆಯ ಅಣ್ಣ ದರೆ ಮೇಲಿಂದ ಕೂಗಿದರು. "ತಮ್ಮಾ, ಬೆಟ್ಟದ ಬುಡದಲ್ಲಿ ಹೊಗೆ ಏಳ್ತಾ ಇದೆ, ಬೇಗ ಬಾ ಮಾರಾಯ!"

ಅಡಿಕೆ ಸಿಪ್ಪೆಯ ಗುಣವೇ ಹಾಗೆ. ಮೇಲೆ ಬೂದಿ, ಒಳಗೆ ಕೆಂಡ. ದಿನಗಟ್ಟಲೆ ಸದ್ದಿಲ್ಲದೆ ಉರಿಯುತ್ತದೆ. ರಾಶಿಯ ಪಕ್ಕ ಸತ್ತ ಹಲಸಿನ ಬೊಡ್ಡೆ ಇತ್ತು. ಕೆಂಡ ಅದರ ಒಣ ಬೇರು ಹಿಡಿದು ಮಣ್ಣಿನೊಳಗೇ ಸಾಗಿ, ಆಚೆ ಬದಿಯ ಕರಡದ ಹುಲ್ಲಿನಲ್ಲಿ ಎದ್ದಿತ್ತು. ಏರು ಜಾಗದಲ್ಲಿ ಬೆಂಕಿ ಓಡುವುದನ್ನು ಅವತ್ತು ಕಣ್ಣಾರೆ ಕಂಡೆ. ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಊರವರು ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿಯದಿದ್ದರೆ ಕಾಡಿಗೇ ಹೋಗುತ್ತಿತ್ತು. ಅರ್ಧ ಎಕರೆ ಕರಕಲಾಯಿತು. ತಾನಾಗಿ ಹುಟ್ಟಿ ಎದೆಯೆತ್ತರ ಬಂದಿದ್ದ ಹೊನ್ನೆ ಗಿಡಗಳು ಹೋದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೊಪ್ಪಿನ ಬೆಟ್ಟ ನಾವು ಸೊಪ್ಪು, ತರಗೆಲೆ ತರುವ ಜಾಗ. ಪಟ್ಟಾ ಜಮೀನಲ್ಲ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ನಾನು ನನ್ನ ಜಾಗದಲ್ಲಿ ಹಾಕಿದ್ದೆ ಅಂದರೆ ಸಾಕಾಗುವುದಿಲ್ಲ.

ಈಗ ಸುಡುವುದೇನಿದ್ದರೂ ಡಿಸೆಂಬರ್ ಒಳಗೆ. ನೆಲದಲ್ಲಿ ಇನ್ನೂ ಪಸೆ ಇರುತ್ತದೆ. ಅರಣ್ಯ ಇಲಾಖೆಯವರೂ ಬೆಂಕಿ ರೇಖೆಯ ಕೆಲಸವನ್ನು, ಅಂದರೆ ಬೆಂಕಿ ದಾಟದಂತೆ ಕಾಡಿನಲ್ಲಿ ಪಟ್ಟಿಯಾಗಿ ತೆರವು ಮಾಡುವುದನ್ನು, ಬೇಸಿಗೆ ಏರುವ ಮೊದಲೇ ಮುಗಿಸುತ್ತಾರಲ್ವಾ. ಇಬ್ಬನಿ ಆರುತ್ತಿರುವಾಗ ಶುರು ಮಾಡಿ, ಮಧ್ಯಾಹ್ನದ ಗಾಳಿ ಏಳುವ ಮೊದಲೇ ಮುಗಿಸುತ್ತೇನೆ. ಜಾಗ ಗದ್ದೆಯ ಬಯಲು. ಮೇಲೆ ಕರೆಂಟ್ ತಂತಿ ಇರಬಾರದು, ಹತ್ತಿರ ಬೊಡ್ಡೆ, ಡ್ರಿಪ್ ಪೈಪ್ ಇರಬಾರದು. ಸುತ್ತ 10 ಅಡಿ ಕೆತ್ತಿ ಮಣ್ಣು ಕಾಣಿಸುತ್ತೇನೆ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಪಂಪ್‌ಸೆಟ್ ನಂಬುವುದಿಲ್ಲ. 200 ಲೀಟರ್ ಡ್ರಮ್ ಮೊದಲೇ ತುಂಬಿಸಿ, ಔಷಧಿ ಹೊಡೆಯುವ ಬೆನ್ನಿನ ಪಂಪಿಗೂ ನೀರು ಹಾಕಿಡುತ್ತೇನೆ.

ಹಳೆ ರಾಶಿಗೆ ಸುಮ್ನೆ ಕಡ್ಡಿ ಗೀರಬೇಡಿ. ಹಾವು, ಓತಿಕ್ಯಾತ ಒಳಗಿರುತ್ತವೆ. ನಾನು ಅದನ್ನು ಕೋಲಿನಿಂದ ಕೆದಕಿ, ಪಕ್ಕಕ್ಕೆ ಎಳೆದು ಹೊಸದಾಗಿ ಒಟ್ಟುತ್ತೇನೆ. ರಾಶಿ ಸೊಂಟದೆತ್ತರ ಮೀರುವುದಿಲ್ಲ. ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಹಾಕುವುದು. ಹಸಿ ಬಿದಿರು ಹಾಕಿದರೆ ಗೆಣ್ಣು ಸಿಡಿದು ಕೆಂಡ ಹಾರುತ್ತದೆ. ಪೆಟ್ರೋಲ್ ಅಂತೂ ಮುಟ್ಟಲೇಬಾರದು. ಅದರ ಆವಿಗೆ ಬೆಂಕಿ ಹತ್ತಿದರೆ ಹಿಂದೆ ಸರಿಯುವಷ್ಟೂ ಸಮಯ ಇರುವುದಿಲ್ಲ. ಒಣ ಸೋಗೆಯ ಒಂದು ಹಿಡಿ ಸಾಕು. ಮೈಮೇಲೆ ಹತ್ತಿ ಬಟ್ಟೆಯೇ ಇರಲಿ. ಮೈಲುತುತ್ತದ ಪ್ಲಾಸ್ಟಿಕ್ ಚೀಲ ಬೆಂಕಿಗೆ ಹೋಗುವುದಿಲ್ಲ, ಪಂಚಾಯ್ತಿಯ ಕಸದ ಗಾಡಿಗೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆ ಹೊಗೆ ಕುಡಿಯುವವರು ನಮ್ಮ ಮನೆಯ ಮಕ್ಕಳೇ.

ಆರಿಸುವುದಕ್ಕೆ ಸುಡುವಷ್ಟೇ ಸಮಯ ಕೊಡುತ್ತೇನೆ. ಹಾರೆಯಿಂದ ಬೂದಿ ಬಿಡಿಸಿ ಹರಡುವುದು, ನೀರು ಹೊಯ್ಯುವುದು, ಕಲಸುವುದು, ಮತ್ತೆ ಹೊಯ್ಯುವುದು. ಕೆಸರಾಗಬೇಕು. ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಯ ಮೇಲೆ ಹಿಡಿಯುತ್ತೇನೆ. ಬಿಸಿ ತಾಗದಿದ್ದರೆ ಮಾತ್ರ ಕೈ ಒಳಗೆ ಇಡುವುದು. ಒಂದು ಕಡೆ ಬೆಚ್ಚಗಿದ್ದರೂ ಮತ್ತೊಂದು ಕೊಡ ನೀರು. ಮರುದಿನ ಬೆಳಿಗ್ಗೆ, ಮೂರನೇ ದಿನ ಮಧ್ಯಾಹ್ನ ಮತ್ತೆ ಹೋಗಿ ನೋಡುತ್ತೇನೆ. ಸಿಪ್ಪೆ ಸುಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅದು ಸಗಣಿ ಜೊತೆ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಬೆಂಕಿ ಹಾಕುವ ಹಿಂದಿನ ದಿನ ಅರಣ್ಯ ಇಲಾಖೆಯ ಗಾರ್ಡ್‌ಗೆ ಒಂದು ಫೋನ್ ಮಾಡುತ್ತೇನೆ. ಮನೆಯವರೆಲ್ಲರ ಮೊಬೈಲಿನಲ್ಲೂ ಗಾರ್ಡ್ ನಂಬರ್ ಇದೆ, ಅಗ್ನಿಶಾಮಕದ 101 ಮತ್ತು 112 ಇವೆ. ಆಮೇಲೆ ದರೆ ಹತ್ತಿ ಪಕ್ಕದ ಮನೆಗೆ ಹೋಗುತ್ತೇನೆ. "ಅಣ್ಣಾ, ನಾಳೆ ಬೆಳಿಗ್ಗೆ ಸೋಗೆ ಸುಡ್ತೇನೆ." ಅವರು ಬೇರೆ ಏನೂ ಕೇಳುವುದಿಲ್ಲ. ಬೆಳಿಗ್ಗೆ ನಾನು ಗದ್ದೆಗೆ ಹೋಗುವಷ್ಟರಲ್ಲಿ ಹಸಿ ಟೊಂಗೆ ಕಡಿದು ತಂದು ನಿಂತಿರುತ್ತಾರೆ.